ಹೊಡೀರಿ ಸಾರ್ ಅನ್ನೋ ಪೋಷಕರು
ಹಾಸನದಲ್ಲಿ ಮಗಳ ಶಾಲೆಯ ಪೋಷಕರ ಸಭೆಗೆ ಹೋದರೆ ಪ್ರತಿ ಸಲ ಅದೇ ಮಾತು. ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತ ಹಿಡಿದರೆ ಮಕ್ಕಳು ನೆಟ್ಟಗಿದ್ದವು, ಈಗಲೂ ಹಾಗೇ ಮಾಡಿ, ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೂರಿಸಿ ಅಂತ. ನನಗೂ ಏಟು ಬಿದ್ದಿವೆ. ಮಗ್ಗಿ ತಪ್ಪಿದ್ದಕ್ಕೆ ಸ್ಕೇಲಿನ ಅಂಚಿನಿಂದ ಗೆಣ್ಣಿನ ಮೇಲೆ ಹೊಡೆದಿದ್ದರು, ರಾತ್ರಿ ಅನ್ನ ಕಲಸೋಕೂ ಆಗದ ಹಾಗೆ ಬೆರಳು ಊದಿತ್ತು. ಅದರಿಂದ ಮಗ್ಗಿ ಬರಲಿಲ್ಲ, ಭಯ ಬಂತು ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯಬಾರದು ಅನ್ನುತ್ತದೆ, ಇಲ್ಲಿ ಅಪ್ಪ ಅಮ್ಮಂದಿರೇ ಎದ್ದು ನಿಂತು ಹೊಡೀರಿ ಸಾರ್ ಅಂತಾರೆ! ಶಿಸ್ತು ಬೇಡ ಅಂದವರು ಯಾರು? ಆಲೂರಿಂದ ಒಂದೇ ಬಸ್ಸಲ್ಲಿ ಒತ್ತಿಕೊಂಡು ಬರೋ ಮಕ್ಕಳನ್ನು ಕ್ಲಾಸಲ್ಲಿ ಮಾತ್ರ ಬೇರೆ ಮಾಡಿದರೆ ಯಾವ ಶಿಸ್ತು ಬರುತ್ತೆ, ನೀವೇ ಹೇಳಿ.