ಎರಡು ದನಿ ಸೇರಿದ್ದು ಇತ್ತೀಚೆಗೆ

ಐರ್ಲೆಂಡಿನ ಗಾಯಕಿಯರಾದ ಟ್ರೀನಾ ಮತ್ತು ಮರೇಡ್ ನೀ ಗೋನಿಲ್ ಅಕ್ಕತಂಗಿಯರ ಬಗ್ಗೆ ಕನ್ನಡದಲ್ಲಿ ಬಂದ ಬರಹ ಓದಿ ತುಂಬಾ ಖುಷಿಯಾಯಿತು. ಆದರೆ ಇಬ್ಬರು ದನಿಗೂಡಿಸಿ ಹಾಡುವುದೇ ಅಲ್ಲಿನ ಪ್ರಾಚೀನ ಪದ್ಧತಿ ಎಂಬ ಅದರ ಮಾತನ್ನು ಒಪ್ಪಲಾರೆ. ಐರಿಷ್ ಭಾಷೆಯ ಶಾನ್ ನೋಸ್ ('ಹಳೆಯ ಶೈಲಿ') ಗಾಯನ ಮೂಲದಲ್ಲಿ ಒಂಟಿ ದನಿಯದು. ವಾದ್ಯ ಇಲ್ಲ, ತಾಳದ ಬಿಗಿಯೂ ಇಲ್ಲ, ಮಾತಿನ ಓಟವೇ ಲಯ. ಯೇಸು ಶಿಲುಬೆಗೇರಿದಾಗ ಮೂವರು ಮೇರಿಯರು ಅತ್ತ ಹಾಡನ್ನು ಶಾನ್ ನೋಸ್ ಗಾಯಕ ಜೋ ಹೀನಿ ದನಿಯಲ್ಲಿ ಒಮ್ಮೆ ಕೇಳಿ. ಸಾಲು ಸಾಲಿಗೂ 'ಓಹೋನ್' ಎಂಬ ಗೋಳು ಮರಳಿ ಬರುತ್ತದೆ. ಅಲ್ಲಿ ಇನ್ನೊಂದು ದನಿಗೆ ಜಾಗ ಎಲ್ಲಿದೆ?

ಈ ಸಹೋದರಿಯರು ಅಣ್ಣ ಮೀಹಾಲ್ ಜೊತೆ ಸ್ಕಾರಾ ಬ್ರೇ ತಂಡದಲ್ಲಿ ಐರಿಷ್ ಹಾಡುಗಳಿಗೆ ಹಾರ್ಮನಿ (ಬೇರೆ ಸ್ವರದಲ್ಲಿ ಜೊತೆಗೂಡುವ ದನಿ) ಸೇರಿಸಿ ರೆಕಾರ್ಡ್ ಮಾಡಿದ್ದು 1971ರಲ್ಲಿ. ಆಗ ಅದು ಹೊಸ ಪ್ರಯೋಗ. ಐರ್ಲೆಂಡಿನ ಡಾನಿಗಾಲ್ ಪ್ರದೇಶದ ಸೋದರತ್ತೆ ನೇಲಿಯವರಿಂದ ಬಂದ ಹಾಡುಗಳನ್ನು ಹಾಗೆ ಹಾಡೋಕೆ ಧೈರ್ಯ ಬೇಕು, ಅಲ್ವಾ? ಸುಮ್ನೆ 'ಪ್ರಾಚೀನ' ಅಂದುಬಿಟ್ಟರೆ ಆ ಶ್ರಮವೇ ಕಾಣುವುದಿಲ್ಲ. ಹಲವು ದನಿಯ ಹಳೆಯ ಭಕ್ತಿಗಾಯನ ಬೇಕಿದ್ದರೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಗೇಲಿಕ್ ಭಾಷೆಯ ಕೀರ್ತನೆ ಇದೆ. ಒಬ್ಬರು ಸಾಲು ಹೇಳಿಕೊಡುತ್ತಾರೆ, ಸಭೆಯವರು ಒಬ್ಬೊಬ್ಬರೂ ತಮ್ಮದೇ ಬಳುಕಿನಲ್ಲಿ ಅದನ್ನು ಎಳೆದು ಹಾಡುತ್ತಾರೆ.