ದಿನದಿನದ ಬದುಕು ಬರೆಯಲು ಸ್ವಂತ ವೆಬ್‌ಸೈಟ್ ಬೇಕಾ? ಅಕ್ಕ-ತಂಗಿಯ ಪರ-ವಿರೋಧ

ಪರ: ತಂಗಿ ಬರೆದದ್ದು

ಹೋದ ಬೇಸಿಗೆಯಲ್ಲಿ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವಾಗ ಪಕ್ಕದಲ್ಲೇ ಕೂತಿದ್ದೆ. ತೊಟ್ಟು ಮುರಿದ ಮಿಡಿಗಳನ್ನು ಅವಳು ಆರಿಸಿ ಬದಿಗಿಡುತ್ತಿದ್ದಳು. ತೊಟ್ಟು ಹೋದರೆ ಸೊನೆ ಸೋರುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ ಅಂದಳು. ಉಪ್ಪು ಎಷ್ಟು ಅಂತ ಕೇಳಿದರೆ "ಕೈಗೆ ಗೊತ್ತಾಗುತ್ತೆ" ಅನ್ನುವ ಉತ್ತರ. ನಾನು ಬಿಡಲಿಲ್ಲ. ಅವಳ ಮುಷ್ಟಿಯಲ್ಲಿದ್ದ ಉಪ್ಪನ್ನು ತಕ್ಕಡಿಗೆ ಹಾಕಿಸಿ ತೂಗಿದೆ. ಮಿಡಿ ಉಪ್ಪಿನಲ್ಲಿ ಕೂತು ಚಿರುಟಿಕೊಳ್ಳುವವರೆಗೂ ದಿನಾ ಭರಣಿಯ ಬಟ್ಟೆ ಬಿಚ್ಚಿ ನೋಡಿದೆ. ಎಲ್ಲವನ್ನೂ ನನ್ನ ವೆಬ್‌ಸೈಟಿನಲ್ಲಿ ಬರೆದಿಟ್ಟೆ.

ಅಲ್ಲಿರುವುದೆಲ್ಲ ಇಂಥದ್ದೇ. ಮೊದಲ ಮಳೆ ಬಿದ್ದ ದಿನ, ಕೆಟ್ಟ ಮಿಕ್ಸಿ ರಿಪೇರಿ ಮಾಡಿಸಿದ್ದು, ತೋಟದ ಕೆಲಸಕ್ಕೆ ಬರುವ ಅಜ್ಜ ಹೇಳಿದ ಗಾದೆ. ಇದನ್ನು ಸೋಶಿಯಲ್ ಮೀಡಿಯಾದಲ್ಲಿ ಹಾಕಿದ್ದರೆ ಸಾಲುತ್ತಿತ್ತಲ್ವಾ ಅಂತ ಅಕ್ಕ ಕೇಳುತ್ತಾಳೆ. ಸಾಲುವುದಿಲ್ಲ. ಜನ ತಮ್ಮ ಪುಟಗಳನ್ನು ಪುಕ್ಕಟೆ ಇಡುತ್ತಿದ್ದ ಜಿಯೋಸಿಟೀಸ್ ತಾಣವನ್ನು ಯಾಹೂ 2009ರಲ್ಲಿ ಮುಚ್ಚಿತು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ತನ್ನ ಸೋಶಿಯಲ್ ಮೀಡಿಯಾ ತಾಣ ಆರ್ಕುಟ್ ಅನ್ನು ಮುಚ್ಚಿತು. ಬೇರೆಯವರ ಜಾಗದಲ್ಲಿ ಇಟ್ಟದ್ದು ಅವರು ಬಾಗಿಲು ತೆಗೆದಿಡುವಷ್ಟು ದಿನ ಮಾತ್ರ. ನನ್ನ ಪುಟಗಳು ಬರಿಯ ಎಚ್‌ಟಿಎಂಎಲ್ ಕಡತಗಳು, ಅಂದರೆ ವೆಬ್ ಪುಟಕ್ಕೆ ಬಳಸುವ ಸರಳ ಪಠ್ಯ. ಒಂದು ಪೆನ್‌ಡ್ರೈವಿನಲ್ಲಿ ಪ್ರತಿ ಇದೆ. ಈ ಸರ್ವರ್ ಬೇಡವೆಂದರೆ ಇನ್ನೊಂದಕ್ಕೆ ಸಾಗಿಸಿದರಾಯಿತು, ವಿಳಾಸ ಅದೇ ಇರುತ್ತದೆ. ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಬರೆದಂಥ ಸರಳ ಪುಟ ಇವತ್ತಿನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. 1993ರ ಏಪ್ರಿಲ್ 30ರಂದು ಅವರು ಕೆಲಸ ಮಾಡುತ್ತಿದ್ದ ಸರ್ನ್ ಸಂಶೋಧನಾ ಸಂಸ್ಥೆ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಅಂತ ಬಿಟ್ಟುಕೊಟ್ಟಿತು. ಹಾಗಾಗಿಯೇ ನಾನು ಯಾರ ಅಪ್ಪಣೆಯನ್ನೂ ಕೇಳದೆ ನನ್ನ ಅಮ್ಮನ ಉಪ್ಪಿನಕಾಯಿ ಬಗ್ಗೆ ಬರೆಯಬಹುದು. ಕೆನಡಾದಲ್ಲಿರುವ ದೊಡ್ಡಪ್ಪನ ಮಗಳು ಖಾತೆ, ಪಾಸ್‌ವರ್ಡ್ ಏನೂ ಇಲ್ಲದೆ ಓದಬಹುದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಭಾಷೆ. ಸುದ್ದಿ, ಸಿನಿಮಾ, ರಾಜಕೀಯಕ್ಕೆ ವೆಬ್ಬಿನಲ್ಲಿ ಕನ್ನಡ ಜಾಸ್ತಿಯೇ ಇದೆ. ಆದರೆ ಸೊನೆ, ಚಿರುಟು, ಭರಣಿ ಅನ್ನುವ ಮಾತುಗಳು ಸುದ್ದಿಯಲ್ಲಿ ಎಲ್ಲಿ ಬರುತ್ತವೆ? ಅವು ಇರುವುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ. ಅಲ್ಲಿರುವವರು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ.

ವಿರೋಧ: ಅಕ್ಕ ಬರೆದದ್ದು

ಉಪ್ಪಿನಕಾಯಿಯ ಪುಟ ಓದಿ ನನಗೆ ಕಣ್ಣು ತುಂಬಿ ಬಂತು. ಆ ಪುಟದ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ಅದರ ಹಿಂದಿನ ಪುಟದ ಮೇಲೆ.

ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನಗಳ ಬಗ್ಗೆ ತಂಗಿ ಬರೆದಿದ್ದಳು. ಪ್ರೀತಿಯಿಂದಲೇ ಬರೆದಿದ್ದಳು, ಹೆಸರೂ ಹಾಕಿರಲಿಲ್ಲ. ಆದರೆ ನಲವತ್ತು ಮನೆಯ ಊರಿನಲ್ಲಿ ಹೆಸರು ಯಾಕೆ ಬೇಕು? ಒಂದು ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಅಮ್ಮನನ್ನು ಕೇಳಿದರು: "ರಾತ್ರಿಯೆಲ್ಲ ಏನೇನೋ ಮಾತಾಡ್ತಿದ್ರಂತೆ, ಈಗ ಹೇಗಿದೀರಿ?" ಅಮ್ಮ ಎಲೆಯ ಮೇಲಿದ್ದ ಹೋಳಿಗೆ ಮುಟ್ಟಲಿಲ್ಲ. ಮಾರನೇ ದಿನ ನನ್ನ ಹತ್ತಿರ ಮೆಲ್ಲಗೆ ಕೇಳಿದಳು, "ನಾನು ಬಡಬಡಿಸಿದ್ದೆಲ್ಲ ಅದರಲ್ಲಿದೆಯಾ?"

ತಂಗಿಗೆ ಗೊತ್ತಾದ ತಕ್ಷಣ ಆ ಪುಟ ತೆಗೆದುಹಾಕಿದಳು. ತೆಗೆದರೆ ಹೋಯಿತೇ? ಇಂಟರ್ನೆಟ್ ಆರ್ಕೈವ್ 1996ರಿಂದಲೂ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿದೆ. ಸರ್ಚ್ ಎಂಜಿನ್ನುಗಳ, ಎಐ ಕಂಪನಿಗಳ ಬಾಟ್‌ಗಳು, ಅಂದರೆ ತಾವಾಗಿಯೇ ಓಡಾಡುವ ತಂತ್ರಾಂಶಗಳು, ಹಗಲೂರಾತ್ರಿ ಪುಟಗಳನ್ನು ಬಾಚಿಕೊಳ್ಳುತ್ತಿರುತ್ತವೆ. ಬೀಗವಿಲ್ಲದ ಜಾಗ ಅಂತ ತಂಗಿ ಖುಷಿಪಡುತ್ತಾಳೆ. ಆ ಬೀಗ ಬೇಕಾಗಿದ್ದದ್ದು ಅಮ್ಮನಿಗೆ, ಅವಳನ್ನು ಯಾರೂ ಕೇಳಲೇ ಇಲ್ಲ. ದಿನನಿತ್ಯದ ಬದುಕು ಅಂದರೆ ಒಬ್ಬರದೇ ಅಲ್ಲವಲ್ಲ. ಅದರಲ್ಲಿ ಅಮ್ಮ ಇದ್ದಾಳೆ, ನಾನಿದ್ದೇನೆ, ಇನ್ನೂ ಓದಲು ಬಾರದ ನನ್ನ ಮಗನಿದ್ದಾನೆ.

ಇನ್ನು ಉಳಿಯುವ ಮಾತು. ನನ್ನ ಸಹೋದ್ಯೋಗಿಯೊಬ್ಬರು ಹತ್ತು ವರ್ಷ ಸೊಗಸಾದ ವೆಬ್‌ಸೈಟ್ ನಡೆಸಿದ್ದರು. ಅವರು ತೀರಿಹೋದ ಮೇಲೆ ಡೊಮೈನಿಗೆ, ಅಂದರೆ ವೆಬ್‌ಸೈಟಿನ ವಿಳಾಸಕ್ಕೆ, ದುಡ್ಡು ಕಟ್ಟಬೇಕು ಅಂತ ಮನೆಯವರಿಗೆ ತಿಳಿದಿರಲಿಲ್ಲ. ಮುಂದಿನ ವರ್ಷ ಅದೇ ವಿಳಾಸದಲ್ಲಿ ರಮ್ಮಿ ಆಟದ ಜಾಹೀರಾತು. ಅವರ ಹೆಂಡತಿ ಫೋನ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಿದ್ದರು, ಏನಾದರೂ ಮಾಡಬಹುದಾ ಅಂತ. ಏನೂ ಮಾಡಲಾಗಲಿಲ್ಲ.

ಅಮ್ಮನ ಹತ್ತಿರ ಒಂದು ಹಳೇ ಡೈರಿ ಇದೆ. ಸಾಸಿವೆ ಡಬ್ಬಿಯ ಹಿಂದೆ ಇಡುತ್ತಾಳೆ. ರಟ್ಟಿಗೆ ಎಣ್ಣೆ ಕಲೆ, ಒಳಗೆ ಅಜ್ಜಿಯ ಅಕ್ಷರವೂ ಇದೆ. ಯಾರಿಗೆ ತೋರಿಸಬೇಕು ಅನ್ನುವುದು ಅಮ್ಮನಿಗೆ ಬಿಟ್ಟದ್ದು. ಕಳೆದ ತಿಂಗಳು ಊರಿಗೆ ಹೋದಾಗ ತಂಗಿಯ ಉಪ್ಪಿನಕಾಯಿ ಪುಟವನ್ನು ನೋಡಿಕೊಂಡು ಆ ಡೈರಿಯಲ್ಲಿ ಪೆನ್ನಿನಿಂದ ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಆಮೇಲೆ ಪೆನ್ನು ತೆಗೆದುಕೊಂಡು ಉಪ್ಪಿನ ಲೆಕ್ಕವನ್ನು ತಿದ್ದಿದಳು.