ಡಬ್ಬಿ ತಂದಿದ್ದೀನಿ ಅಣ್ಣಾ

ನನ್ನ ಬ್ಯಾಗಿನಿಂದ ಈಗಲೂ ಸಾಂಬಾರಿನ ವಾಸನೆ ಬರುತ್ತಿದೆ. ಎರಡು ಸಲ ಒಗೆದೆ, ಬಿಸಿಲಿಗೂ ಹಾಕಿದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ಬೆಳಗ್ಗೆ ಒಂಬತ್ತಕ್ಕೇ ಮೂಗರಳಿಸಿ, "ಇವತ್ತು ಮೆಸ್ಸಲ್ಲಿ ಏನು ಮಗಾ?" ಅಂತಾನೆ. ಇದಕ್ಕೆಲ್ಲ ಮೂಲ, ಪರಿಸರ ಅಧ್ಯಯನ ಅನ್ನೋ ಪೇಪರು.

ಡಿಗ್ರಿ ಓದಿದವರಿಗೆ ಆ ಪೇಪರು ಗೊತ್ತೇ ಇರುತ್ತೆ. ಹಿಂದಿನ ರಾತ್ರಿ ಓದಿದರೂ ಪಾಸಾಗುವಂಥದ್ದು. ನನ್ನ ಗ್ರಹಚಾರ, ನಾನು ಪಾಠ ಕೇಳಿಸಿಕೊಂಡುಬಿಟ್ಟೆ. ಒಂದು ಕೆಜಿ ಅಕ್ಕಿ ಬೆಳೆಯೋಕೆ ಸುಮಾರು 2500 ಲೀಟರ್ ನೀರು ಬೇಕು ಅಂತ ಮೇಡಂ ಹೇಳಿದ ದಿನ, ಮೆಸ್ಸಿನ ತಟ್ಟೆ ಮುಂದೆ ಕೂತು ಲೆಕ್ಕ ಹಾಕಿದೆ. ಒಂದು ತುತ್ತಿಗೆ ಹೆಚ್ಚುಕಡಿಮೆ ಒಂದು ಬಕೆಟ್. ನಮ್ಮ ಹಾಸ್ಟೆಲಿನಲ್ಲಿ ಸ್ನಾನಕ್ಕೆ ಸಿಗೋದೂ ಅಷ್ಟೇ.

ಆಮೇಲೆ ಪ್ಲಾಸ್ಟಿಕ್ ಹಾವಳಿಯ ಬಗ್ಗೆ ಅಸೈನ್‌ಮೆಂಟು. ಮೂವತ್ತು ಪುಟ ಬರೆದು, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಮಾಡಿಸದಿದ್ದರೆ ಎರಡು ಮಾರ್ಕ್ಸ್ ಕಟ್.

ಭಾನುವಾರ ರಾತ್ರಿ ನಮ್ಮ ಮೆಸ್ಸಿಗೆ ರಜೆ. ಅವತ್ತಿನ ಊಟ ಹತ್ತಿರದ ದರ್ಶಿನಿಯ ಪಾರ್ಸೆಲ್. ಆ ಕೌಂಟರಿನಲ್ಲೊಬ್ಬ ಅಣ್ಣ ಇದ್ದಾನೆ. ಕವರಿಗೆ ಸಾಂಬಾರು ಸುರಿದು, ಕುತ್ತಿಗೆ ಹಿಡಿದು, ಗಿರ್ರನೆ ತಿರುಗಿಸಿ ದಾರ ಸುತ್ತಿದನೆಂದರೆ ಮುಗೀತು. ಆ ಗಂಟನ್ನು ಬಿಚ್ಚಿದವರು ಇವತ್ತಿನವರೆಗೂ ಯಾರೂ ಇಲ್ಲ, ಕಚ್ಚಿ ಹರಿದವರೇ ಎಲ್ಲ. ನಾಲ್ಕು ಇಡ್ಲಿ ಪಾರ್ಸೆಲ್ ತಂದರೆ ರೂಮಿನಲ್ಲಿ ಉಳಿಯೋದು ಸಾಂಬಾರಿನ ಕವರು, ಚಟ್ನಿ ಕವರು, ಇಡ್ಲಿ ಕೆಳಗಿನ ಪ್ಲಾಸ್ಟಿಕ್ ಹಾಳೆ, ಎಲ್ಲವನ್ನೂ ಹೊತ್ತ ದೊಡ್ಡ ಕವರು. ಇಡ್ಲಿ ಮಾತ್ರ ಎರಡು ನಿಮಿಷಕ್ಕೆ ಖಾಲಿ.

ಹೋದ ಭಾನುವಾರ ಸ್ಟೀಲ್ ಡಬ್ಬಿ ಹಿಡಿದು ಹೊರಟೆ. ಅಮ್ಮ ಚಕ್ಕುಲಿ ತುಂಬಿ ಕಳಿಸಿದ್ದ ಡಬ್ಬಿ.

"ಡಬ್ಬಿ ತಂದಿದ್ದೀನಿ ಅಣ್ಣಾ, ಕವರ್ ಬೇಡ."

ಅಣ್ಣ ಡಬ್ಬಿ ನೋಡಿದ. ನನ್ನನ್ನು ನೋಡಿದ. "ಚೆಲ್ಲೋಗುತ್ತೆ ಸಾರ್."

"ಪರವಾಗಿಲ್ಲ, ಹಾಕಿ."

"ಅಳತೆ ಗೊತ್ತಾಗಲ್ಲ ಸಾರ್. ಕವರಲ್ಲಾದ್ರೆ ಲೆಕ್ಕ ಇರುತ್ತೆ."

ಹಿಂದೆ ಏಳು ಜನರ ಸಾಲು. ನಾನು ಸೋಲಲಿಲ್ಲ. "ಅಣ್ಣಾ, ಪ್ಲಾಸ್ಟಿಕ್ ಕವರು 2016ರಲ್ಲೇ ನಮ್ಮ ರಾಜ್ಯದಲ್ಲಿ ಬ್ಯಾನ್ ಆಗಿದೆ."

"ಅದಕ್ಕೇ ಮತ್ತೆ, ಕವರ್ ರೇಟು ಇಷ್ಟೊಂದು ಏರಿರೋದು," ಅಂದ ಅಣ್ಣ, ಬಹಳ ದಿನದ ಒಗಟು ಬಿಡಿಸಿದವನ ಹಾಗೆ.

ಹಿಂದಿನಿಂದ ಯಾರೋ "ಬೇಗ ಆಗ್ಲಿ ಗುರೂ" ಅಂದರು. ಅಣ್ಣ ನಿಟ್ಟುಸಿರು ಬಿಟ್ಟು, ಸಂಜೆಯೇ ಕಟ್ಟಿಟ್ಟಿದ್ದ ಕವರುಗಳ ಟಬ್ಬಿಗೆ ಕೈ ಹಾಕಿ ಒಂದು ಸಾಂಬಾರಿನ ಕವರು ತೆಗೆದ. ಕತ್ತರಿಯಲ್ಲಿ ಅದರ ಮೂಲೆ ಕತ್ತರಿಸಿ ನನ್ನ ಡಬ್ಬಿಗೆ ಸುರಿದ. ಖಾಲಿ ಕವರನ್ನು ಬುಟ್ಟಿಗೆ ಎಸೆದ. ಸಾಲದು ಅನ್ನಿಸಿತೋ ಏನೋ, ಇನ್ನೊಂದನ್ನೂ ಕತ್ತರಿಸಿ ಸುರಿದ. ಚಟ್ನಿಯದ್ದೂ ಅದೇ ಗತಿ. ಇಡ್ಲಿಯನ್ನೂ ಅದರಲ್ಲೇ ಹಾಕಿ, ಮುಚ್ಚಳ ಒತ್ತಿ, ಡಬ್ಬಿಯನ್ನು ಒಂದು ಕವರಿಗೆ ಇಳಿಸಿ ನನ್ನ ಕಡೆ ಚಾಚಿದ.

"ಅಣ್ಣಾ, ಕವರು..."

"ಬಿಸಿ ಇದೆ ಸಾರ್. ಕೈ ಸುಡುತ್ತೆ."

ಮಾಮೂಲಿನಂತೆ ಪಾರ್ಸೆಲ್ ತಂದಿದ್ದರೇ ಒಂದು ಕವರು ಕಮ್ಮಿ ಖರ್ಚಾಗುತ್ತಿತ್ತು. ಆ ಕವರನ್ನು ವಾಪಸ್ ಕೊಟ್ಟು, ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು ಬಂದೆ. ಅಣ್ಣನ ಮೇಲೆ ಸಿಟ್ಟು ಬಂತು. ಪಾಪ, ಅವನು ನನಗೆ ಒಂದು ಪಾಲು ಸಾಂಬಾರು ಪುಕ್ಕಟೆ ಕೊಟ್ಟಿದ್ದ ಅನ್ನೋದು ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ನಡೆಯುತ್ತಾ ಅಜ್ಜಿ ನೆನಪಾದಳು. ಹುಣಸೂರಿನ ಕಡೆಯ ಊರು. ಬೇಸಿಗೆ ರಜೆಯಲ್ಲಿ ಜಗಲಿ ಮೇಲೆ ಕೂತು ಕಡ್ಡಿ ಚುಚ್ಚಿ ಮುತ್ತುಗದ ಎಲೆ ಹಚ್ಚುತ್ತಿದ್ದಳು, ನಾನು ಕಡ್ಡಿ ಸೀಳಿಕೊಡುತ್ತಿದ್ದೆ. ಉಂಡ ಎಲೆ ತಿಪ್ಪೆಗೆ, ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಗೆ. ಇದಕ್ಕೆಲ್ಲ ಒಂದು ಹೆಸರಿದೆ, ಅದರ ಮೇಲೆ ಪರೀಕ್ಷೆ ಬರೆಯಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದಾಗ ಅಂಗಡಿಯಲ್ಲಿನ ನವಣೆ ರೇಟು ಹೇಳಿದ್ದೆ. "ಬಡವರು ಉಣ್ಣೋದು ಅಂತ ನಾವು ಬಿಟ್ವಲ್ಲಪ್ಪಾ" ಅಂತ ಸುಮ್ಮನಾಗಿದ್ದಳು. ಈಗ ಎಮ್ಮೆಯೂ ಇಲ್ಲ, ಅಜ್ಜಿಯೂ ಇಲ್ಲ. ಹೋದ ವರ್ಷ ಊರಿನ ತಿಥಿ ಊಟದಲ್ಲಿ ಬಡಿಸಿದ್ದು ಬಾಳೆಎಲೆಯ ಚಿತ್ರ ಅಚ್ಚಾಗಿದ್ದ ಪೇಪರಿನ ಮೇಲೆ. ನರ ಸಮೇತ ಅಚ್ಚು ಹಾಕಿದ್ದರು.

ರೂಮಿಗೆ ಬಂದು ಬ್ಯಾಗು ತೆರೆದೆ. ಚಕ್ಕುಲಿ ಡಬ್ಬಿ ಚಕ್ಕುಲಿಗೆ ಮಾಡಿದ್ದು, ಡಬಲ್ ಸಾಂಬಾರಿಗಲ್ಲ. ನೋಟ್ಸು ಹಳದಿ, ಬಸ್ ಪಾಸು ಹಳದಿ, ಪೆನ್ನಿನ ತುದಿಯಲ್ಲಿ ಒಂದು ಕರಿಬೇವು. ಪ್ಲಾಸ್ಟಿಕ್ ಹಾವಳಿಯ ಅಸೈನ್‌ಮೆಂಟು ಮಾತ್ರ ಅಂಚಿನಲ್ಲಿ ಸ್ವಲ್ಪ ಒದ್ದೆ, ಬಾಕಿ ಎಲ್ಲ ಸರಿ ಇತ್ತು. ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇತ್ತಲ್ಲ.

ರೂಮ್‌ಮೇಟ್ ಇಣುಕಿ ನೋಡಿದ. ಇಡ್ಲಿ ಇತ್ತು. ಆದರೂ ಮುಖ ಸಪ್ಪಗಾಯಿತು.

"ಕವರ್ ತರಲಿಲ್ವೇನೋ? ಡಸ್ಟ್‌ಬಿನ್‌ಗೆ ಹಾಕೋಕೆ ಒಂದೂ ಇಲ್ಲ."